ಎರಡು ಪಾತ್ರೆಯ ಕಷಾಯದಮ್ಮ

ನಮ್ಮ ಪ್ರಯೋಗಾಲಯದಲ್ಲಿ ಕಷಾಯದಮ್ಮನಷ್ಟು ಅಚ್ಚುಕಟ್ಟಾಗಿ ಸುಳ್ಳು ತಯಾರಿಸುವವರು ಇನ್ನೊಬ್ಬರಿರಲಿಲ್ಲ. ಅವರ ಕೆಲಸವೇ ಅದು. ಒಂದು ಪಾತ್ರೆಯಲ್ಲಿ ತೀರಿಹೋದ ಗಂಡನ ಮಲೇರಿಯಾ ಕಷಾಯ. ಇನ್ನೊಂದರಲ್ಲಿ ಅದೇ ಬಣ್ಣದ, ಅದೇ ಕಹಿಯ, ಯಾವ ಗುಣವೂ ಇಲ್ಲದ ನೀರು. ರೋಗಿಗಳೆಲ್ಲರಿಗೂ ಆಸ್ಪತ್ರೆಯ ಮಾತ್ರೆ ಇದ್ದೇ ಇತ್ತು. ಕಷಾಯದಿಂದ ಹೆಚ್ಚು ಗುಣ ಸಿಗುತ್ತದೆಯೇ ಎಂದು ನೋಡಲು, ಅದರ ಜೊತೆಗೆ ಅರ್ಧ ಜನಕ್ಕೆ ನಿಜದ್ದು, ಅರ್ಧ ಜನಕ್ಕೆ ಸುಳ್ಳಿನದು. ಯಾರಿಗೆ ಯಾವುದೆಂದು ಕುಡಿಯುವವರಿಗೂ ಗೊತ್ತಾಗಬಾರದು, ಕೊಡುವ ನರ್ಸಿಗೂ ಗೊತ್ತಾಗಬಾರದು. ಸೀಸೆಗಳಿಗೆ ನಂಬರು ಅಂಟಿಸುತ್ತಿದ್ದವಳು ನಾನು.

ಮೂವತ್ತು ವರ್ಷ ಬೇರು ಅರೆದದ್ದು ಹೆಂಡತಿ, ಹೆಸರು ಬಂದದ್ದು ನಾಟಿ ವೈದ್ಯನಾದ ಗಂಡನಿಗೆ. ಯಾರಿಗೆ ಚಳಿಜ್ವರ ಬಂದರೂ ಆತ ಸೀಸೆ ಹಿಡಿದು ಹೊರಡುತ್ತಿದ್ದ. ಎರಡು ಮೂರು ದಿನ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ. ಕಷಾಯದಮ್ಮ ಗೋಡೆಯ ಜೊತೆ ಮಾತಾಡಿಕೊಂಡು ಇದ್ದರಂತೆ.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದುಬಿಟ್ಟೆ ಒಮ್ಮೆ. ನನ್ನ ಬಾಯಿಗೆ ಬೀಗವಿಲ್ಲ.

ಅವರಿಗೆ ಸಿಟ್ಟು ಬಂತು. "ಹಾಗನ್ನಬೇಡ ಕಣೇ. ಜೀವ ಉಳಿಸೋಕೆ ಹೋಗ್ತಿದ್ರು. ನಾನು ಒಬ್ಬಳೇ ಇದ್ರೇನಾಯ್ತು, ಆ ಕಷಾಯ ನಾಲ್ಕು ಜನಕ್ಕೆ ಆಯ್ತಲ್ಲ."

ಆ ಒಂದು ಸಮಾಧಾನದ ಮೇಲೆ ಅವರ ಬದುಕೇ ನಿಂತಿತ್ತು. ಕಷಾಯ ಗೆಲ್ಲಲೇಬೇಕಿತ್ತು. ಹಾಗಂತ ಮೋಸ ಮಾಡಿದವರಲ್ಲ. ಎರಡನ್ನೂ ನಾಲಿಗೆಗೆ ಹಚ್ಚಿಕೊಂಡು, ಮುಖ ಕಿವುಚಿ, "ಅವರೇ ಎದ್ದು ಬಂದ್ರೂ ಯಾವುದು ಯಾವುದು ಅಂತ ಗೊತ್ತಾಗಲ್ಲ ಬಿಡು" ಎಂದು ನಗುತ್ತಿದ್ದರು.

ಹತ್ತು ತಿಂಗಳಿಗೆ ನಂಬರುಗಳ ಗುಟ್ಟು ಬಿಚ್ಚಿದರು. ದೊಡ್ಡ ಡಾಕ್ಟರು ತಾವೇ ಕಷಾಯದ ಕೋಣೆಗೆ ಬಂದರು. "ಅಮ್ಮಾ, ಎರಡೂ ಗುಂಪಿನವರ ರಕ್ತದಲ್ಲಿ ರೋಗಾಣು ಒಂದೇ ಹೊತ್ತಿಗೆ ಹೋಗಿದೆ. ಗುಣ ಆಗಿದ್ದು ಮಾತ್ರೆಯಿಂದ. ಕಷಾಯದಿಂದ ಹೆಚ್ಚೇನೂ ಆಗಿಲ್ಲ."

ಡಾಕ್ಟರು ಹೋದಮೇಲೂ ಕಷಾಯದಮ್ಮ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದರು. ಕೊನೆಗೆ ಕೇಳಿದರು, "ಹಾಗಾದ್ರೆ ಅವರ ಕೈಲಿ ಉಳಿದವರು ಹೇಗೆ ಉಳಿದ್ರು?"

ನಾನು ಸಮಾಧಾನ ಮಾಡಲು ಹೋದೆ. "ಅವರು ಬರೀ ಕಷಾಯ ಕೊಟ್ಟು ಬರ್ತಿದ್ರಾ ಅಮ್ಮ? ನಾನು ಚಿಕ್ಕವಳಿದ್ದಾಗ ನಮ್ಮಪ್ಪನಿಗೆ ಚಳಿಜ್ವರ ಬಂದಾಗ ಪಕ್ಕದಲ್ಲೇ ಮೂರು ದಿನ ಕೂತಿದ್ರು. ಹಣೆಗೆ ಒದ್ದೆ ಬಟ್ಟೆ ಹಾಕೋರು, ಗುಟುಕು ಗುಟುಕಾಗಿ ನೀರು ಕುಡಿಸೋರು, ನಡುಕ ಬಂದಾಗ ಕೈ ಹಿಡ್ಕೊಳ್ಳೋರು. ಅದ್ರಿಂದಲೇ ನಮ್ಮಪ್ಪ ಉಳಿದಿದ್ದು."

ಅವರ ಕೈ ನಿಂತಿತು.

"ಕೈ ಹಿಡ್ಕೊಂಡಿದ್ರಾ?" ಎಂದರು. ನಾನು ಹೂಂ ಅಂದೆ.

"ನನಗೂ ಎರಡು ಸಲ ಬಂದಿತ್ತು ಕಣೇ, ಆ ಜ್ವರ. ನಾನೇ ಕಾಸಿಟ್ಟಿದ್ದ ಸೀಸೇನ ತಲೆ ಹತ್ರ ಇಟ್ಟು ಹೋಗಿದ್ರು."