ರೈಲು ಕಂಬಿಯ ಶ್ರುತಿ

ನಮ್ಮ ಶಾಲೆಯ ಗಂಟೆ ಎಂದರೆ ನೆಟ್ಟಣ ರೈಲು ಸ್ಟೇಷನ್ನಿನಿಂದ ಯಾರೋ ತಂದುಕೊಟ್ಟ ಒಂದು ಮೊಳ ಉದ್ದದ ರೈಲು ಕಂಬಿ. ಅದನ್ನು ಜಗಲಿಯ ಮಾಡಿಗೆ ಸರಪಳಿಯಲ್ಲಿ ನೇತುಹಾಕಿದ್ದರು. ಕೆಳತುದಿಯಿಂದ ನಾಲ್ಕು ಬೆರಳು ಮೇಲೆ ಕೇಶವ ಮಾಸ್ಟ್ರು ಬಿಳಿ ಪೈಂಟಿನ ಒಂದು ಬೊಟ್ಟು ಇಟ್ಟಿದ್ದರು. ಆ ಬೊಟ್ಟಿಗೇ ಹೊಡೆಯಬೇಕು. ಬೇರೆಡೆ ಬಡಿದರೆ ತರಗತಿಯ ಒಳಗಿಂದಲೇ, "ಯಾರದು? ಇನ್ನೊಮ್ಮೆ ಹೊಡಿ" ಎಂದು ಕೇಳಿಸುತ್ತಿತ್ತು. ಹೀಗಾಗಿ ಕೆಲವು ದಿನ ನಮ್ಮ ಶಾಲೆ ಎರಡೆರಡು ಸಲ ಶುರುವಾಗುತ್ತಿತ್ತು.

ಬೊಟ್ಟಿಗೆ ಸರಿಯಾಗಿ ಹೊಡೆದರೆ ಆ ಕಂಬಿ ಹಾರ್ಮೋನಿಯಮ್ಮಿನ 'ಕಪ್ಪು ನಾಲ್ಕು', ಅಂದರೆ ನಾಲ್ಕನೆಯ ಕಪ್ಪು ಮನೆಯ ಸ್ವರ ಕೊಡುತ್ತದೆಂದು ಅವರು ಕಂಡುಹಿಡಿದಿದ್ದರು. ಅದೇ ಇಡೀ ಶಾಲೆಯ ಶ್ರುತಿ. ಬೆಳಗಿನ ಪ್ರಾರ್ಥನೆ, ಸಂಜೆಯ ಮಗ್ಗಿ ಎಲ್ಲವನ್ನೂ ಅಲ್ಲಿಂದಲೇ ಎತ್ತಬೇಕು. ಶಾಲೆ ನೋಡಲು ಬಂದ ಅಧಿಕಾರಿಗಳಿಗೆ ಅವರು ಮೊದಲು ತೋರಿಸುತ್ತಿದ್ದುದು ಹಾಜರಿ ಪುಸ್ತಕವಲ್ಲ, ಈ ಕಂಬಿ.

ಮಾಸ್ಟ್ರು ಬೆಳ್ಳಾರೆಯವರು, ಮನೆಯ ಮಾತು ಅರೆಭಾಷೆ. ಕಡಬದ ಆಚೆ ನಮ್ಮ ಶಾಲೆಗೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ನೋಟ್‌ಬುಕ್ ತಿದ್ದುವಾಗ ಸದಾ ಏನಾದರೂ ಗುನುಗುತ್ತಿದ್ದರು. ಗುನುಗು ನಿಂತಿತೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದು ಅರ್ಥ. ತುಳು, ಬ್ಯಾರಿ, ಅರೆಭಾಷೆಯ ಮಕ್ಕಳ ನಡುವೆ ನಾನೊಬ್ಬಳು ಮಲಯಾಳಂ ಬಿಟ್ಟು ಬೇರೇನೂ ಬಾರದ ರಬ್ಬರ್ ತೋಟದವರ ಹುಡುಗಿ. ನನಗೆ ಅವರು ಕನ್ನಡ ಕಲಿಸಿದ್ದೂ ಹಾಡಿನಲ್ಲೇ. ಕನ್ನಡ ಬೇಗ ಬಂತು, ಹಾಡು ಬರಲಿಲ್ಲ. ಕಂಬಿಯ ಸ್ವರಕ್ಕೆ ಏರಲು ಹೋದರೆ ನನ್ನ ಗಂಟಲು ಅರ್ಧದಲ್ಲೇ ಒಡೆಯುತ್ತಿತ್ತು.

"ಸ್ವರ ಇಲ್ಲದ ಮಗು ಅಂತ ಇಲ್ಲ ಮಾರಾಯ್ರೆ. ಸ್ವರ ಹುಡುಕ್ಲಿಕ್ಕೆ ಗೊತ್ತಿಲ್ಲದ ಮಾಸ್ಟ್ರು ಇರ್ಬಹುದು" ಎಂದು ಉಳಿದ ಶಿಕ್ಷಕರಿಗೆ ಹೇಳುತ್ತಿದ್ದವರು ಅವರೇ.

ಐದನೆಯ ತರಗತಿಯಲ್ಲಿ ಕಡಬದಲ್ಲೊಂದು ಸಮೂಹಗಾನ ಸ್ಪರ್ಧೆ ಬಂತು. ಹುಡುಗಿಯರ ತಂಡಕ್ಕೆ ಆರು ಜನ ಬೇಕು, ತರಗತಿಯಲ್ಲಿದ್ದದ್ದು ಆರೇ ಹುಡುಗಿಯರು. ಹದಿನೈದು ದಿನ ಅಭ್ಯಾಸ ನಡೆಯಿತು. ಹೊರಡುವ ಹಿಂದಿನ ದಿನ ಮಾಸ್ಟ್ರು ನನ್ನನ್ನು ಬಾವಿಕಟ್ಟೆಯ ಬಳಿ ಕರೆದರು. ಕೈಯಲ್ಲಿದ್ದ ಸೀಮೆಸುಣ್ಣ ನೋಡುತ್ತಾ ಹೇಳಿದರು: "ಲಿಸ್ಸಿ, ನಾಳೆ ನೀನು ಬಾಯಿ ಮಾತ್ರ ಆಡಿಸು ಆಯ್ತಾ. ಶಬ್ದ ಬೇಡ."

ನಾನು ಆಯ್ತೆಂದೆ. ನಮಗೆ ಮೊದಲ ಬಹುಮಾನ ಬಂತು. ಆ ದಿನದ ಫೋಟೋದಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಬಾಯಿ ತೆರೆದವಳು ನಾನೇ. ಹಿಂದಿರುಗುವಾಗ ಜೀಪಿನಲ್ಲಿ ಐವರೂ ಹಾಡುತ್ತಾ ಬಂದರು, ನಾನು ರಸ್ತೆ ನೋಡುತ್ತಾ ಬಂದೆ. ದುಃಖವಾಗಿತ್ತು, ಆದರೆ ಬಹುಮಾನ ಬಂದ ಮೇಲೆ ಅಳುವುದಕ್ಕೆ ಕಾರಣ ಕೊಡುವುದು ಕಷ್ಟ.

ಆ ಮೇಲೆ ನಾನು ಹಾಡಲೇ ಇಲ್ಲ. ಇಗರ್ಜಿಯಲ್ಲಿ ಬಾಯಿ ಆಡಿಸುವುದು ಚೆನ್ನಾಗಿ ಅಭ್ಯಾಸವಾಯಿತು. ಮಗಳು ಹುಟ್ಟಿದಾಗ ಜೋಗುಳ ಅತ್ತೆಯ ಪಾಲಿಗೆ ಹೋಯಿತು, ತಟ್ಟುವುದು ಮಾತ್ರ ನನ್ನ ಪಾಲಿಗೆ. ಇದನ್ನು ಯಾರಲ್ಲೂ ದೂರಿಕೊಂಡವಳಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಹಾಗೆಯೇ ಇದೂ ಎಂದುಕೊಂಡಿದ್ದೆ.

ಕಳೆದ ವರ್ಷ ಆ ಮಗಳ ಮದುವೆಯ ಕಾಗದ ಹಿಡಿದು ಬೆಳ್ಳಾರೆಗೆ ಹೋದೆ. ಮಾಸ್ಟ್ರು ಮಗನ ಮನೆಯ ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು. ಕಿವಿಗೆ ಯಂತ್ರ ಬಂದಿತ್ತು. ಹೆಸರು ಹೇಳಿದೆ. ಕಾಗದವನ್ನು ತೆರೆಯದೆ ನನ್ನ ಮುಖವನ್ನೇ ನೋಡಿದರು.

"ಕಡಬದಲ್ಲಿ ಬಾಯಿ ಆಡಿಸಿದವಳಲ್ವಾ ನೀನು?"

ಅವರಿಗೆ ಅದು ನೆನಪಿರಬಹುದೆಂದು ನಾನು ಎಣಿಸಿರಲಿಲ್ಲ. ನಗಲು ನೋಡಿದೆ, ಅವರು ನಗಲಿಲ್ಲ. ಸೊಸೆಯನ್ನು ಕರೆದು ಹಾರ್ಮೋನಿಯಂ ತರಿಸಿದರು. "'ಆ' ಅಂತ ಹೇಳು" ಎಂದರು. ನಾನು ಬೇಡವೆಂದೆ, ವಯಸ್ಸಾಯಿತೆಂದೆ, ಬಸ್ಸಿದೆ ಎಂದೆ. "ಬಸ್ಸು ಇನ್ನೊಂದು ಉಂಟು" ಎಂದರು.

ಕಪ್ಪು ನಾಲ್ಕರಿಂದ ಶುರು ಮಾಡಿದರು. ನನ್ನ ಗಂಟಲು ಹಳೆಯ ಜಾಗದಲ್ಲೇ ಒಡೆಯಿತು. ಒಂದು ಮನೆ ಇಳಿಸಿದರು, ಮತ್ತೊಂದು ಇಳಿಸಿದರು. ಯಂತ್ರದ ಕಿವಿಯನ್ನು ನನ್ನ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ತಿದಿ ಒತ್ತುತ್ತಾ ಇಳಿಯುತ್ತಲೇ ಹೋದರು. ಎರಡನೆಯ ಬಿಳಿ ಮನೆಗೆ ಬಂದಾಗ ನನ್ನ ಧ್ವನಿ ಆ ಸ್ವರದ ಮೇಲೆ ಆರಾಮವಾಗಿ ಕುಳಿತಿತು. ನನಗೇ ಗೊತ್ತಾಯಿತು.

"ಇಲ್ಲಿ ಉಂಟು ನಿನ್ನದು, ಬಿಳಿ ಎರಡು" ಎಂದರು. ಶಾಲೆಯ ಪ್ರಾರ್ಥನೆಯ ಎರಡು ಸಾಲು ಹಾಡಿಸಿದರು. ಅದ್ಭುತವಾಗಿಯೇನೂ ಇರಲಿಲ್ಲ, ಆದರೆ ಒಡೆಯಲಿಲ್ಲ. ಅವರು ತಿದಿ ನಿಲ್ಲಿಸಿದರು.

"ಹದಿನೈದು ದಿನ ಇತ್ತು ನನಗೆ. ಮನೆ ಇಳಿಸಿ ನೋಡುದು ಐದು ನಿಮಿಷದ ಕೆಲಸ. ನಾನು ಆ ಕಬ್ಬಿಣಕ್ಕೆ ನಿನ್ನನ್ನು ಸರಿ ಮಾಡ್ಲಿಕ್ಕೆ ಹೋದದ್ದು. ತಪ್ಪು ನನ್ನದು, ಲಿಸ್ಸಿ."

ಪರವಾಗಿಲ್ಲ ಮಾಸ್ಟ್ರೆ ಎನ್ನಬೇಕೆಂದಿದ್ದೆ. ನನಗದು ಪರವಾಗಿಲ್ಲ ಅನ್ನುವಂಥದ್ದಾಗಿರಲಿಲ್ಲ, ಹಾಗಾಗಿ ಅನ್ನಲಿಲ್ಲ. ಅವರ ಕಾಲು ಮುಟ್ಟಿ ಎದ್ದೆ. ಮದುವೆಗೆ ಬರುತ್ತೇನೆಂದರು.

ಮದುವೆಗೆ ಎಂಟು ದಿನ ಇರುವಾಗ ತೀರಿಕೊಂಡರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಾಲೆಗೀಗ ಕರೆಂಟಿನ ಬೆಲ್ಲು ಬಂದಿದೆಯಂತೆ. ಕಂಬಿ ಮಾತ್ರ ಅಲ್ಲೇ ನೇತಾಡುತ್ತಿದೆ, ಬೊಟ್ಟು ಅಳಿಸಿಹೋಗಿದೆಯಂತೆ.

ಮದುವೆಯ ಹಿಂದಿನ ಸಂಜೆ ನಮ್ಮಲ್ಲಿ ಹುಡುಗಿಗೆ ಸಿಹಿ ತಿನ್ನಿಸಿ ಹೆಂಗಸರು ಹಾಡುವ ಪದ್ಧತಿಯುಂಟು. ನಾದಿನಿ ಎಂದಿನಂತೆ ಎತ್ತರದ ಶ್ರುತಿಯಲ್ಲಿ ಒಂದು ಹಾಡು ಎತ್ತಿಕೊಂಡಳು. ಅವಳ ಹಾಡು ಮುಗಿಯುವವರೆಗೆ ಕಾದು, ನಾನು ಇನ್ನೊಂದನ್ನು ತಗ್ಗಿನಲ್ಲಿ ಶುರು ಮಾಡಿದೆ. ಬಾಯಿಯಲ್ಲಿ ಸಿಹಿ ಇಟ್ಟುಕೊಂಡೇ ಮಗಳು ನನ್ನತ್ತ ತಿರುಗಿದಳು.

"ಅಮ್ಮ, ನಿಮಗೆ ಹಾಡ್ಲಿಕ್ಕೆ ಬರ್ತದಾ?"

ಬರುತ್ತದೆ ಎಂದು ತಲೆಯಾಡಿಸಿದೆ, ಹಾಡು ನಿಲ್ಲಿಸಲಿಲ್ಲ. ಇದನ್ನು ಮಾಸ್ಟ್ರಿಗೆ ಹೇಳಬೇಕಿತ್ತು.