ಸಣಬು ಸುತ್ತದ ಪ್ಲಗ್ಗು

ಫಿಟ್ಟರನ ಹೆಂಡತಿಗೆ ಸಿಟ್ಟು ಬೇಗ ಬರುವುದಿಲ್ಲ; ಬಂದರೆ ಹೋಗುವುದೂ ಇಲ್ಲ. ಅವಳ ಸಿಟ್ಟಿನ ಮೂಲ ಮುಷ್ಟಿಯಷ್ಟು ಕಬ್ಬಿಣ: ನಡುಗೋಡೆಯೊಳಗಿದ್ದ, ಪೈಪು ಕವಲೊಡೆಸುವ ಮೂರು ಬಾಯಿಯ ಟೀ.

ಫಿಟ್ಟರನೂ ಅವನ ಅಣ್ಣನೂ ಪಾಲಾದಾಗ ಟ್ಯಾಂಕು ಅಣ್ಣನ ಕಡೆ ಉಳಿದಿತ್ತು. ಅಲ್ಲಿಂದ ಇಳಿದ ಪೈಪು ಆ ಟೀಯಲ್ಲಿ ಕವಲೊಡೆದು ಒಂದು ಕಡೆ ಅಣ್ಣನ ಬಚ್ಚಲಿಗೆ, ಇನ್ನೊಂದು ಕಡೆ ಇವಳ ಅಡುಗೆಮನೆಗೆ ಹೋಗುತ್ತಿತ್ತು. ಒಂದು ದಿನ ಇವರು ಮನೆಯಲ್ಲಿಲ್ಲದ ಹೊತ್ತು ನೋಡಿ ಭಾವ ಗೋಡೆ ಒಡೆದು, ಇವಳ ಕಡೆಯ ಪೈಪು ಕಿತ್ತು, ಟೀಯ ಆ ಬಾಯಿ ಮುಚ್ಚಲು ಪ್ಲಗ್ಗು ಬಿಗಿದು ಗಾರೆ ಮೆತ್ತಿಬಿಟ್ಟ. ಊರಿಗೆಲ್ಲ ನಲ್ಲಿ ಹಾಕುವವನ ಹೆಂಡತಿ ಕೊಡ ಹಿಡಿದು ಬೀದಿ ಕೊನೆಯ ನಲ್ಲಿಯ ಸಾಲಿನಲ್ಲಿ ನಿಂತಳು. ಕಂಡವರು ಮುಸಿಮುಸಿ ನಕ್ಕರು. ಬಸಿರಿಯಾಗಿಯೂ ನಿಂತಳು. ಸೊಂಟ ಬಿದ್ದುಹೋಯಿತು.

ಪ್ಲಗ್ಗು ಬಿಗಿದ ಮಾರನೆಯ ದಿನವೇ ಪಾತ್ರೆ ತಿಕ್ಕುವಾಗ ಗೋಡೆಯೊಳಗೆ ತೊಟ್ ತೊಟ್ ಸದ್ದು ಕೇಳಿಸಿತು. ಗಂಡ ಬಂದು ಕಿವಿಯಿಟ್ಟ.

"ಅಣ್ಣ ಅವಸರದಲ್ಲಿ ಥ್ರೆಡ್ಡಿಗೆ ಸಣಬು ಸುತ್ತದೇ ಬಿಗಿದಿದ್ದಾನೆ ಕಣೇ, ಅದಕ್ಕೇ ಸೋರ್ತಿದೆ. ನನಗೆ ಕೆಲಸ ಕಲಿಸುವಾಗ ಇದಕ್ಕೇ ತಲೆಗೆ ಮೊಟಕ್ತಿದ್ದ! ಹೀಗೇ ಬಿಟ್ರೆ ಗೋಡೆ ಉಳಿಯಲ್ಲ. ಅಣ್ಣನಿಗೆ ಹೇಳಿಬಿಡ್ಲಾ?"

"ತುಟಿ ಪಿಟಕ್ ಅಂದ್ರೆ ನೋಡಿ ಮತ್ತೆ!"

ಆ ಸದ್ದು ಅವಳಿಗೆ ಜೋಗುಳವಾಯಿತು. ತೇವ ಈ ಕಡೆಗೂ ಇಳಿಯಿತು. ಕಪಾಟು ಸರಿಸಿಕೊಂಡು ಸುಮ್ಮನಾದಳು. ವರ್ಷಗಳು ಕಳೆದು ಒಂದು ಬೆಳಗ್ಗೆ ಭಾವನ ಕಡೆಯ ಗಾರೆ, ಇಟ್ಟಿಗೆ ಎಲ್ಲ ದಡಾರನೆ ಬಚ್ಚಲಿಗೆ ಕುಸಿದವು. ತುಕ್ಕು ತಿಂದ ಟೀ ಬಿರಿದು, ಟ್ಯಾಂಕಿನ ನೀರೆಲ್ಲ ಚರಂಡಿ ಸೇರಿತು. ಭಾವನಿಗೀಗ ಕೈ ನಡುಕ, ಪೈಪ್ ರೆಂಚು ಹಿಡಿಯಲಾಗದು. ತಮ್ಮನ ಬಾಗಿಲಿಗೆ ಬಂದ.

"ಹೊಸ ಟೀ ಹಾಕ್ಕೊಡೋ. ಈ ಸಲ ನಿಮ್ಮ ಕಡೆಗೂ ಪೈಪು ಎಳ್ಕೋ."

ಫಿಟ್ಟರ್ ಕರಗಿ ನೀರಾಗಿ ರೆಂಚು ಎತ್ತಿಕೊಂಡ. ಹೆಂಡತಿ ಅಡ್ಡ ನಿಂತಳು.

"ಭಾವ, ಅದು ಸೋರ್ತಿರೋದು ನನಗೆ ಮೊದಲಿಂದ್ಲೂ ಗೊತ್ತಿತ್ತು. ಬೇಕಂತ್ಲೇ ಹೇಳ್ಲಿಲ್ಲ."

ಅವಳು ಒಳಗಿನಿಂದ ತನ್ನ ಕೊಡ ತಂದು ಭಾವನ ಕೈಗಿಟ್ಟಳು.

"ಟೀ ನಾಳೆ ಹಾಕ್ತಾರೆ. ಇವತ್ತಿನ ನೀರಿಗೆ ನೀವೇ ಹೋಗಿ ಬನ್ನಿ. ನಲ್ಲಿ ಬೀದಿ ಕೊನೇಲಿದೆ. ಬರ್ತಾ ಸೊಂಟದ ಮೇಲಿಟ್ಕೊಳ್ಳಿ, ಕೈ ನಡುಗಿದ್ರೆ ಚೆಲ್ಲುತ್ತೆ."

ಭಾವ ಕೊಡ ಹಿಡಿದು ಹೊರಟ. ಅವಳು ಮೆಟ್ಟಿಲ ಮೇಲೆ ಕೂತು, ಅವನು ಹೋಗಿ ಸಾಲಿನಲ್ಲಿ ನಿಲ್ಲುವುದನ್ನು ಕಣ್ತುಂಬ ನೋಡಿದಳು.