ರಫ್ ಬುಕ್ಕಿನ ಅವ್ವ

ಹೋದ ವಾರ ಸೋಮವಾರಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಇನ್ನೂರು ಪುಟದ ರಫ್ ಬುಕ್ ಕೇಳಿದೆ. ಅಂಗಡಿಯ ಮಲಯಾಳಿ ಕಾಕ ಎರಡು ಬಗೆ ತೆಗೆದಿಟ್ಟು, "ಯಾವ ಕ್ಲಾಸಿಗೆ ಚೇಚಿ?" ಎಂದರು. "ಐವತ್ತಾರನೇ ಕ್ಲಾಸಿಗೆ" ಎಂದೆ. ಅವರು ನಗಲಿಲ್ಲ. ಗೆರೆ ಇದ್ದದ್ದು ಬೇಕೋ ಇಲ್ಲದ್ದು ಬೇಕೋ ಎಂದಷ್ಟೇ ಕೇಳಿದರು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದೆ. ಆ ಮಾಸಲು ಕಾಗದದ ವಾಸನೆ ನಿಮಗೂ ಗೊತ್ತಿರಬೇಕು, ಒಣಗುತ್ತಿರುವ ಗೋಣಿಚೀಲದ ಹಾಗೆ. ಚಿಲ್ಲರೆ ತೆಗೆದುಕೊಳ್ಳುವಷ್ಟರಲ್ಲಿ ನಾನು ಆರನೇ ಕ್ಲಾಸಿನ ಬೆಂಚಿನ ಮೇಲೆ ಕೂತಾಗಿತ್ತು.

ನಾನು ಒಂದು ಪುಸ್ತಕ ಬರೆಯುತ್ತಿದ್ದೇನೆ. ಹೀಗೆ ನೇರವಾಗಿ ಹೇಳಲು ನನಗೆ ಏಳು ತಿಂಗಳು ಹಿಡಿಯಿತು. ಮೊದಲೆಲ್ಲ "ಏನೋ ಗೀಚ್ತೀನಿ" ಎನ್ನುತ್ತಿದ್ದೆ. ಕೇಳಿದವರೆಲ್ಲ "ಅಡುಗೆ ಪುಸ್ತಕಾನಾ?" ಎನ್ನುತ್ತಿದ್ದರು. ಅಡುಗೆಯದಲ್ಲ, ನನ್ನ ಅವ್ವನದು. ಆದರೆ ಅಡುಗೆಯೇ ಅದರ ಗಡಿಯಾರ. ಕಡುಬಿನ ಪಾತ್ರೆ ಒಲೆಯ ಮೇಲಿಟ್ಟು ಹಬೆಯಲ್ಲಿ ಬೇಯುವಷ್ಟು ಹೊತ್ತು, ದಿನಕ್ಕೆ ಅರ್ಧ ಪುಟ. ಇಡ್ಲಿಯ ದಿನ ನಾಲ್ಕು ಸಾಲು ಕಡಿಮೆ. ರೊಟ್ಟಿಗೆ ಎರಡೂ ಕೈ ಬೇಕಾದ್ದರಿಂದ ಅಂದು ಬರವಣಿಗೆಗೆ ರಜೆ. ಈಚೆಗೆ ನಮ್ಮ ಮನೆಯಲ್ಲಿ ರೊಟ್ಟಿ ಕಾಣಿಸುತ್ತಿಲ್ಲ ಎಂಬುದನ್ನು ಯಜಮಾನರು ಗಮನಿಸಿದ್ದಾರೆ; ಬಾಯಿ ಬಿಟ್ಟು ಹೇಳಿಲ್ಲ. ತಟ್ಟೆ ಮುಂದೆ ಕೂತು, "ನಿಮ್ಮವ್ವ ಕುಶಾಲನಗರ ಮುಟ್ಟಿದ್ರಾ, ಇನ್ನೂ ಇಲ್ವಾ?" ಎಂದು ಕೇಳುತ್ತಾರೆ, ಅಷ್ಟೆ.

ಮುಟ್ಟಿಲ್ಲ. ಮೂರು ವಾರದಿಂದ ನನ್ನ ಪುಟಗಳಲ್ಲಿ ಅವ್ವನ ಜೀಪು ಇಳಿಜಾರಿನಲ್ಲೇ ಇದೆ. ಇರಲಿ. ಶುಂಠಿ ಮೂಟೆ ಹೇರಿದ ಜೀಪನ್ನು ಯಾರೂ ಅವಸರದಲ್ಲಿ ಇಳಿಸಬಾರದು.

ಆ ಜೀಪನ್ನು ಓಡಿಸುತ್ತಿದ್ದವಳು ಅವ್ವ. ಅಪ್ಪನಿಗೆ ರಸ್ತೆಯ ತಿರುವು ಕಂಡರೆ ತಲೆ ಸುತ್ತು. ನಮ್ಮ ಕಡೆ ತಿರುವಿಲ್ಲದ ರಸ್ತೆಯನ್ನು ದೇವರೂ ಮಾಡಲಿಲ್ಲ, ಸರ್ಕಾರವೂ ಮಾಡಲಿಲ್ಲ. ಹಾಗಾಗಿ ಅವ್ವ ಒಂದು ದಿನ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಡ್ರೈವರ್ ಸೀಟಿಗೆ ಹತ್ತಿದಳು. ಹತ್ತಿದವಳು ಮೂವತ್ತು ವರ್ಷ ಇಳಿಯಲಿಲ್ಲ.

ಆರನೇ ಕ್ಲಾಸಿನಲ್ಲಿ 'ಮೈ ಮದರ್' ಎಂದು ಕಾಂಪೊಸಿಷನ್ ಕೊಟ್ಟರು. ಕಾನ್ವೆಂಟಿನಲ್ಲಿ ಮೊದಲು ರಫ್ ಬುಕ್ಕು, ಸಿಸ್ಟರ್ ನೋಡಿದ ಮೇಲೆ ಫೇರ್ ಬುಕ್ಕು. ರಫ್‌ನಲ್ಲಿ ನಾನು ಬರೆದೆ: ನನ್ನ ತಾಯಿ ಜೀಪು ಓಡಿಸುತ್ತಾಳೆ, ನನ್ನ ತಂದೆ ಗೇಟಿನಲ್ಲಿ ನಿಂತು ಟಾಟಾ ಮಾಡುತ್ತಾರೆ. ಸಿಸ್ಟರ್ ಓದಿ ನಕ್ಕರು. ಒಳ್ಳೆಯವರು, ಬೈಯಲಿಲ್ಲ. "ರಫ್‌ನಲ್ಲಿ ಇದು ಇರಲಿ, ಚೈಲ್ಡ್. ಫೇರ್‌ನಲ್ಲಿ ಚೆಂದ ಮಾಡಿ ಬರಿ" ಎಂದರು. ಚೆಂದ ಎಂದರೇನು ಎಂಬುದು ಬೋರ್ಡಿನ ಮೇಲೆ ಇತ್ತು: ನನ್ನ ತಾಯಿ ಗೃಹಿಣಿ, ಅವಳು ರುಚಿಯಾದ ಅಡುಗೆ ಮಾಡುತ್ತಾಳೆ. ಮೂವತ್ತೆಂಟು ಹುಡುಗಿಯರೂ ಅದನ್ನೇ ಬರೆದೆವು. ಪಾಲಿಬೆಟ್ಟದ ಎಸ್ಟೇಟಿನ ಕೂಲಿ ಲೈನಿನಿಂದ ಬಂದ ಸೆಲ್ವಿಯ ಅಮ್ಮ ಬೆಳಗಿನಿಂದ ಸಂಜೆವರೆಗೆ ಕಾಫಿ ಪಿಕ್ಕಿಂಗ್‌ನಲ್ಲಿ ಇರುತ್ತಿದ್ದಳು; ಸೆಲ್ವಿಯೂ ನಾಲಿಗೆ ಕಚ್ಚಿಕೊಂಡು ಅದನ್ನೇ ಬರೆದಳು. ಅಕ್ಷರ ದುಂಡಗಿದೆ ಎಂದು ನನಗೆ ಒಂದು ಹೋಲಿ ಪಿಕ್ಚರ್, ಅಂಗೈಯಗಲದ ಯೇಸುವಿನ ಚಿತ್ರ, ಬಹುಮಾನ ಬಂತು.

ರಜೆಗೆ ಮನೆಗೆ ಬಂದಾಗ ಫೇರ್ ಬುಕ್ಕನ್ನೂ ಚಿತ್ರವನ್ನೂ ಅವ್ವನಿಗೆ ತೋರಿಸಿದೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಪುಟದ ಮೇಲೆ ಬೆರಳಾಡಿಸಿ, "ಜೀಪಿಂದೂ ಬರ್ದಿದೀಯಾ?" ಎಂದಳು.

"ಹ್ಞೂಂ" ಎಂದೆ.

ಅವ್ವ ಆ ಚಿತ್ರವನ್ನು ಜೀಪಿನ ಗಾಜಿನ ಮೂಲೆಗೆ ಸಿಕ್ಕಿಸಿಕೊಂಡಳು. ನಿಜ ಹೇಳಲು ಆಮೇಲೆ ನಲವತ್ತು ಚಿಲ್ಲರೆ ವರ್ಷ ಇತ್ತು. ಹೇಳಲಿಲ್ಲ. ಈಗ ಅವ್ವ ಇಲ್ಲ, ಆ 'ಹ್ಞೂಂ' ಇದೆ. ಅದನ್ನು ನಿಜ ಮಾಡಬೇಕೆಂದೇ ಈ ಪುಸ್ತಕ.

ಮೊನ್ನೆ ಭಾನುವಾರ ಅಣ್ಣ ಬಂದಿದ್ದ. ಅಡುಗೆಮನೆಯ ಮೇಜಿನ ಮೇಲಿದ್ದ, ಬರೆದು ತುಂಬಿದ ರಫ್ ಬುಕ್ ತೆಗೆದು, ಕನ್ನಡಕ ಹಾಕಿಕೊಂಡು ಓದತೊಡಗಿದ. ಜೀಪಿಗೆ ನಕ್ಕ. ಅಪ್ಪನ ಟಾಟಾಕ್ಕೂ ನಕ್ಕ. ಆಮೇಲೆ ಬೀಡಿಗೆ ಬಂದ.

ನಿಮಗೂ ಹೇಳಿಬಿಡುತ್ತೇನೆ: ಅವ್ವ ಬೀಡಿ ಸೇದುತ್ತಿದ್ದಳು. ಪರಿಚಯದವರ ಕೊನೆಯ ಮನೆ ದಾಟಿದ ಮೇಲೆ ಒಂದೇ ಒಂದು. ಕುಶಾಲನಗರದ ಮೊದಲ ಅಂಗಡಿ ಕಾಣುವ ಮುಂಚೆ ಅದನ್ನು ಆರಿಸಿ, ಎರಡು ಏಲಕ್ಕಿ ಅಗಿದು, ಸೆರಗು ಸರಿಮಾಡಿಕೊಂಡು, ಶುಂಠಿ ಮಂಡಿಯ ಮುಂದೆ ಮಹಾ ಗಂಭೀರವಾಗಿ ಇಳಿಯುತ್ತಿದ್ದಳು.

"ಏ, ಇದೇನೇ ಇದು? ತೆಗಿ ಇದ್ನ" ಎಂದ ಅಣ್ಣ.

"ಯಾಕಣ್ಣ?"

"ಯಾಕಣ್ಣ ಅಂತೆ! ಹಣೆ ತುಂಬ ವಿಭೂತಿ ಇಟ್ಕಳೋ ಮನೆ ಕಣೇ ನಮ್ದು. ನಾಳೆ ಬೀಗರು ಓದಿದ್ರೆ ನಾನೆಲ್ಲಿ ಮುಖ ಇಟ್ಕಳ್ಲಿ? ಜೀಪ್ ಬರ್ಕೊ, ಬ್ಯಾಡ ಅನ್ನಲ್ಲ. ಬೀಡಿ ಬುಟ್ಬುಡು."

ನಾನು ಎದುರು ಮಾತಾಡಿ ಅಭ್ಯಾಸವಿಲ್ಲದವಳು. ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ 'ಸಾರಿ' ಹೇಳುತ್ತೇನೆ. "ಇದಿನ್ನೂ ರಫ್ ಅಣ್ಣ, ಫೇರ್ ಮಾಡುವಾಗ..." ಎಂದು ಅರ್ಧ ಆಡಿಯೂ ಬಿಟ್ಟೆ. ಅಣ್ಣನ ಮುಖ ಸಡಿಲವಾಯಿತು. ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಅವ್ವನನ್ನು ಒಮ್ಮೆ ಅಳಿಸಿಹಾಕಿದ್ದು ಇದೇ ಮಾತು, ಇಷ್ಟೇ ಮೆತ್ತಗೆ.

"ಇಲ್ಲ. ಫೇರ್‌ನಲ್ಲೂ ಇರುತ್ತೆ. ಪ್ರಿಂಟ್ ಆದ್ರೂ ಇರುತ್ತೆ" ಎಂದೆ.

"ಅವ್ವನ ಮರ್ಯಾದೆ ತೆಗೀಬ್ಯಾಡ ಕಣೇ."

"ಅವ್ವನ ಮರ್ಯಾದೆ ನಾನು ಒಂದ್ಸಲ ಕಾಪಾಡಿದೀನಿ ಅಣ್ಣ. ಬಹುಮಾನನೂ ತಗೊಂಡಿದೀನಿ. ಸಾಕು."

ಅಣ್ಣ ಮತ್ತೆ ಪುಸ್ತಕಕ್ಕೆ ತಲೆ ಬಗ್ಗಿಸಿದ. ನಾನು ಒಲೆಯ ಕಡೆ ತಿರುಗಿ ಪಾತ್ರೆಯ ಮುಚ್ಚಳವನ್ನು ಸುಮ್ಮನೆ ತೆಗೆದೆ, ಸುಮ್ಮನೆ ಮುಚ್ಚಿದೆ. ಒಂದು ಪುಟ ಮಗುಚಿದ ಸದ್ದು. ಮತ್ತೆ ಹಿಂದಕ್ಕೆ ಮಗುಚಿದ ಸದ್ದು.

"ಎಡಗೈಲಿ ಬೀಡಿ ಅಂತ ಬರ್ದಿದೀಯಲ್ಲ."

"ಹೌದು."

"ಎಡಗೈಲಿ ಬೀಡಿ ಹಿಡ್ಕಂಡ್ರೆ ಗೇರ್ ಯಾರು ಹಾಕ್ತಾರೆ, ನಿಮ್ಮಪ್ಪಾನಾ?" ಎಂದ ಅಣ್ಣ, ಸಿಟ್ಟಿನಿಂದಲೇ. "ಬಲಗೈಲಿ ಇರ್ತಿತ್ತು. ಸ್ಟೇರಿಂಗೂ ಅದೇ ಕೈಲಿ, ಬೀಡಿನೂ ಅದೇ ಕೈಲಿ. ನೀನು ಹಿಂದೆ ಮೂಟೆ ಮೇಲೆ ನಿದ್ದೆ ಹೊಡೀತಿದ್ದೆ, ನಿಂಗೇನು ಗೊತ್ತು? ಮುಂದೆ ಕೂತಿದ್ದೋನು ನಾನು."

ಒಲೆ ಆರಿಸಿ, ಪೆನ್ನು ತಂದು ಅವನ ಎದುರು ಕೂತೆ. "ಇನ್ನೇನು ಗೊತ್ತು, ಹೇಳು" ಎಂದೆ.

ಇವತ್ತಿನ ಅರ್ಧ ಪುಟ ಈಗಷ್ಟೇ ಮುಗಿಯಿತು. ಬೀಡಿ ಅವ್ವನ ಬಲಗೈಯಲ್ಲಿದೆ, ಎಡಗೈ ಗೇರಿನ ಮೇಲಿದೆ, ಜೀಪು ಸೆಕೆಂಡ್ ಗೇರಿನಲ್ಲಿ ನಿಧಾನವಾಗಿ ಇಳಿಯುತ್ತಿದೆ.